ಲಗೇಜ್ ಆಟೋ ತಗೊಳ್ಳೋದಾ, ಬೇಡ್ವಾ? ಟೊಮೆಟೊ ಬಾಕ್ಸ್ ಇಟ್ಕೊಂಡು ಲೆಕ್ಕ ಹೇಳಿ

ಹುಳಿ_ಟೊಮೆಟೊ (ಕೋಲಾರ)
ನಮ್ಮದು ಕೋಲಾರದಿಂದ 14 ಕಿಲೋಮೀಟರ್ ಒಳಗೆ. ಎರಡೂವರೆ ಎಕರೆ, ಒಂದು ಬೋರು. ವರ್ಷಕ್ಕೆ ಎರಡು ಬೆಳೆ ಟೊಮೆಟೊ, ನಡುವೆ ಬೀನ್ಸ್ ಇಲ್ಲಾ ಹೂಕೋಸು. ಇಷ್ಟು ದಿನ ಪಕ್ಕದೂರಿನವನ ಗಾಡಿಗೆ ಬಾಕ್ಸಿಗೆ 12 ರೂಪಾಯಿ ಕೊಟ್ಟು ಮಂಡಿಗೆ ಹಾಕ್ತಿದ್ವಿ. ಹೋದ ಬೆಳೇಲಿ ಆ ಪುಣ್ಯಾತ್ಮ ಮೂರು ಸಲ ಲೇಟಾಗಿ ಬಂದ. ಹರಾಜು ಅರ್ಧ ಮುಗಿದ ಮೇಲೆ ನಮ್ಮ ಲಾಟ್ ಇಳೀತು, ರೇಟು ಯಾರೂ ಕೂಗ್ಲಿಲ್ಲ. ಅವತ್ತೇ ಸ್ವಂತ ಗಾಡಿ ಅಂತ ಮನಸ್ಸು ಮಾಡ್ದೆ.

ಕೈಲಿ 90 ಸಾವಿರ ಇದೆ, ಮಿಕ್ಕಿದ್ದು ಸಾಲ. ಕಣ್ಣ ಮುಂದೆ ಮೂರು ದಾರಿ. ಒಂದು, 2018ರ ಡೀಸೆಲ್ ಆಪೆ (ಪಿಯಾಜಿಯೊ ಕಂಪನಿಯ ಮೂರು ಚಕ್ರದ ಲಗೇಜ್ ಆಟೋ), 1.15 ಲಕ್ಷ ಹೇಳ್ತಿದ್ದಾನೆ. ಎರಡು, ಹೊಸ ಡೀಸೆಲ್ ಮೂರು ಚಕ್ರ. ಮೂರು, ಎಲೆಕ್ಟ್ರಿಕ್. ಸ್ವಂತ ತೋಟದ ಮಾಲಿಗೆ ಮಾತ್ರ ಅಂದ್ರೆ ಬಿಳಿ ಬೋರ್ಡ್ (ಸ್ವಂತ ಬಳಕೆ ಗಾಡಿಯ ನಂಬರ್ ಪ್ಲೇಟ್) ಆಗುತ್ತಾ? ನನ್ನ ಹತ್ರ ಕಾರಿನ ಲೈಸೆನ್ಸ್ ಇದೆ, ಬ್ಯಾಡ್ಜ್ (ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸೋಕೆ ಪ್ರತ್ಯೇಕ ಅನುಮತಿ) ಬೇಕಾ? ಗೊತ್ತಿರೋರು ಹೇಳಿ.

ಹಳೇ_ಹ್ಯಾಂಡಲ್ (ಬೆಂಗಳೂರು)
ಹತ್ತೊಂಬತ್ತು ವರ್ಷದಿಂದ ಮೂರು ಚಕ್ರದ ಮೇಲೇ ಅನ್ನ ತಿಂತಿದ್ದೀನಿ. ಕಣ್ಣು ಮುಚ್ಚಿ ಡೀಸೆಲ್ ಆಪೆ ತಗೊ. ಹೊಸದಾದ್ರೆ ಇನ್ನೂ ಒಳ್ಳೇದು. 2025ರ ಸೆಪ್ಟೆಂಬರ್ 22ರಿಂದ ಮೂರು ಚಕ್ರಕ್ಕೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಹಳೇ ರೇಟ್ ಹೇಳಿ ಯಾಮಾರಿಸೋಕೆ ಬಿಡಬೇಡ. ರಿಪೇರಿ ಅಂದ್ರೆ ಯಾವ ಊರ ಮೂಲೇಲೂ ಒಬ್ಬ ಹುಡುಗ ಸಿಗ್ತಾನೆ, ಪಾರ್ಟ್ಸ್ ಕಿರಾಣಿ ಅಂಗಡಿ ಥರ ಸಿಗುತ್ತೆ. ಆಪೆ ಅಂದ್ರೆ ಇಟಲಿ ಭಾಷೇಲಿ ಜೇನುನೊಣವಂತೆ. ಹೆಸರಿಗೆ ತಕ್ಕ ಹಾಗೆ ದಿನವಿಡೀ ಗುಂಯ್ ಅಂತ ದುಡಿಯುತ್ತೆ.

ಮೇಷ್ಟ್ರ_ಲೆಕ್ಕ (ತಿಪಟೂರು)
ಗಾಡಿ ಯಾವುದು ಅನ್ನೋದು ಆಮೇಲಿನ ಮಾತು. ಮೊದಲು ಇದಕ್ಕೆ ಉತ್ತರ ಕೊಡಿ: ಒಂದು ಬೆಳೆಗೆ ಎಷ್ಟು ಕೀಳು (ಎಷ್ಟು ಸಲ ಹಣ್ಣು ಕೀಳ್ತೀರಿ), ಕೀಳಿಗೆ ಎಷ್ಟು ಬಾಕ್ಸು?

ಹುಳಿ_ಟೊಮೆಟೊ
ಸರಿಯಾಗಿ ಬಂದ್ರೆ 18ರಿಂದ 20 ಕೀಳು. ಸರಾಸರಿ 50 ಬಾಕ್ಸ್, ಮಧ್ಯದಲ್ಲಿ ಜೋರಿದ್ದಾಗ 65. ಬಾಕ್ಸಿಗೆ 15 ಕೆಜಿ ಹಣ್ಣು.

ಮೇಷ್ಟ್ರ_ಲೆಕ್ಕ
20 ಕೀಳು, 50 ಬಾಕ್ಸು, ಬಾಕ್ಸಿಗೆ 12 ರೂಪಾಯಿ. ಅಂದ್ರೆ ಬೆಳೆಗೆ 12,000 ಬಾಡಿಗೆ. ಎರಡು ಬೆಳೆಗೆ 24,000. ಬೀನ್ಸು, ಕೋಸು, ಗೊಬ್ಬರ ಎಲ್ಲ ಸೇರಿಸಿ 35,000 ಅಂತ ಧಾರಾಳವಾಗೇ ಇಟ್ಕೊಳ್ಳೋಣ.

ಈಗ ಈಚೆ ಕಡೆ. 2.5 ಲಕ್ಷ ಸಾಲ, 36 ತಿಂಗಳು, 13 ಪರ್ಸೆಂಟ್ ಅಂದ್ರೆ ಕಂತು ತಿಂಗಳಿಗೆ 8,400 ಚಿಲ್ಲರೆ. ವರ್ಷಕ್ಕೆ ಒಂದು ಲಕ್ಷದ ಮೇಲೆ. ಇನ್ಶೂರೆನ್ಸ್, ಡೀಸೆಲ್, ಟೈರು ಇನ್ನೂ ಹೊರಗಿದೆ. 35 ಸಾವಿರ ಉಳಿಸೋಕೆ ಒಂದೂಕಾಲು ಲಕ್ಷ ಖರ್ಚು. ಇದು ಗಾಡಿ ಅಲ್ಲ, ಇನ್ನೊಂದು ಬೆಳೆ. ನೀರು ಹಾಕ್ತಾನೇ ಇರಬೇಕು.

ಇನ್ನೊಂದು ಮಾತು. ಫೈನಾನ್ಸಿನವರು 'ಬರೀ 9 ಪರ್ಸೆಂಟ್ ಫ್ಲ್ಯಾಟ್' ಅಂತಾರೆ, ಅಂದ್ರೆ ಕಂತು ಕಟ್ಟುತ್ತಾ ಬಂದರೂ ಕೊನೆಯವರೆಗೆ ಪೂರ್ತಿ ಅಸಲಿನ ಮೇಲೇ ಬಡ್ಡಿ. ಅದೇ 2.5 ಲಕ್ಷಕ್ಕೆ ಫ್ಲ್ಯಾಟ್ 9 ಅಂದ್ರೆ ಕಂತು 8,819. ಕಳೆಯುವ ಅಸಲಿನ ಲೆಕ್ಕದಲ್ಲಿ ಅದು 16 ಪರ್ಸೆಂಟ್ ದಾಟುತ್ತೆ. 'ಫ್ಲ್ಯಾಟ್' ಅನ್ನೋ ಪದ ಕಿವಿಗೆ ಬಿದ್ದ ಕೂಡಲೇ ಎದ್ದು ಬನ್ನಿ.

ಎಳನೀರ್_ಮದ್ದೂರು
ಮೇಷ್ಟ್ರೇ ನಿಮ್ಮ ಲೆಕ್ಕ ಸರಿ, ಆದ್ರೆ ಬದುಕು ಬರೀ ಲೆಕ್ಕ ಅಲ್ಲ ಕಣ್ರೀ. ಲೇಟಾಗಿ ಹೋಗಿ ಬಾಕ್ಸಿಗೆ 60 ರೂಪಾಯಿ ಕಮ್ಮಿ ಸಿಕ್ಕಿದ್ರೆ 50 ಬಾಕ್ಸಿಗೆ ಒಂದೇ ದಿನಕ್ಕೆ 3,000 ಹೋಯ್ತು. ಮೂರು ಸಲಕ್ಕೆ 9,000. ಅದನ್ನ ಯಾಕೆ ಬುಟ್ಬುಟ್ರಿ? ನಾನೂ ನಾಲ್ಕು ವರ್ಷದಿಂದ ಲಗೇಜ್ ಆಟೋಲಿ ಎಳನೀರು ಹೊಡೀತಾವ್ನಿ. ನನ್ನ ತೋಟದ್ದು ಬರೀ ಕಾಲು ಭಾಗ, ಮಿಕ್ಕಿದ್ದೆಲ್ಲ ಅಕ್ಕಪಕ್ಕದೋರ ಕಾಯಿ. ಸ್ವಂತ ಮಾಲಿಗೆ ಅಂತ ಯಾರೂ ಗಾಡಿ ಮಡಗಾಕಾಗಲ್ಲ, ಬಾಡಿಗೆ ಹೊಡೀಲೇಬೇಕು. ಹೊಡೆಯೋಕೆ ಪುರುಸೊತ್ತು ಐತಾ ನಿನಗೆ? ಅದ ಹೇಳು ಮೊದಲು.

ಹುಳಿ_ಟೊಮೆಟೊ
ಕೀಳು ಇಲ್ಲದ ದಿನ ಹೊಡೀಬಹುದು. ನಮ್ಮ ಸುತ್ತ ಎಂಟು ಹತ್ತು ಮನೆ ಟೊಮೆಟೊ ಹಾಕ್ತಾರೆ. ಆದ್ರೆ ಎಲ್ಲರದ್ದೂ ಒಂದೇ ದಿನ ಕೀಳು ಬಿದ್ರೆ ಕಷ್ಟ.

ಸ್ಪ್ಯಾನರ್_14 (ಚಿಂತಾಮಣಿ)
ಬಾಕ್ಸ್ ಲೆಕ್ಕ ಆಯ್ತು, ತೂಕದ ಲೆಕ್ಕ ಯಾರೂ ಮಾಡ್ಲಿಲ್ಲ. 15 ಕೆಜಿ ಹಣ್ಣು, ಪ್ಲಾಸ್ಟಿಕ್ ಬಾಕ್ಸ್ ಸೇರಿ 17 ಹತ್ತಿರ. ಮೂರು ಚಕ್ರದ ಗಾಡಿ ಕಾನೂನು ಪ್ರಕಾರ ಹೊರೋದು 500, 550 ಕೆಜಿ. ಭಾಗಿಸಿ ನೋಡಿ: 32 ಬಾಕ್ಸ್. ನಿಮ್ಮದು 50ರಿಂದ 65! 65 ಬಾಕ್ಸ್ ಅಂದ್ರೆ 1,100 ಕೆಜಿ, ಸರೀ ಎರಡರಷ್ಟು.

ಎಲ್ಲರೂ ಹಾಕ್ತಾರೆ, ನನಗೂ ಗೊತ್ತು. ಹಾಕಿದ ಗಾಡಿಗಳೇ ನನ್ನ ಗ್ಯಾರೇಜಿಗೆ ಬರೋದು. ಹಿಂದಿನ ಆರ್ಮ್ ಬಿರುಕು, ಕ್ಯಾಬಿನ್ ಹಿಂದೆ ಚಾಸಿಸ್ ಮೇಲೆ ವೆಲ್ಡಿಂಗ್ ಮೇಲೆ ವೆಲ್ಡಿಂಗ್.

ಹಳೇ_ಹ್ಯಾಂಡಲ್
ಹೊಡೆಯೋ ಕೈ ಗಟ್ಟಿ ಇದ್ರೆ 800 ಕೆಜಿ ಆರಾಮಾಗಿ ಹೋಗುತ್ತೆ ಗುರು. ನಾನು ಸಿಮೆಂಟ್ 16 ಮೂಟೆ ಹೊಡೆದಿದ್ದೀನಿ.

ಸ್ಪ್ಯಾನರ್_14
ಸಿಮೆಂಟ್ ಮೂಟೆ ತಳದಲ್ಲಿ ಮಲಗುತ್ತೆ ಅಣ್ಣ. ಟೊಮೆಟೊ ಬಾಕ್ಸ್ ಆರು ಸಾಲು ಮೇಲೆ ನಿಲ್ಲುತ್ತೆ. ವ್ಯತ್ಯಾಸ ಅಲ್ಲೇ ಇರೋದು.

ಮೂರು ಚಕ್ರ ಮಗುಚೋದು ಹೇಗೆ ಅಂತ ಒಂದ್ಸಲ ನೋಡ್ಬೇಕು. ನಾಲ್ಕು ಚಕ್ರ ನಿಂತಿರೋದು ಚೌಕದ ಮೇಲೆ, ಇದು ತ್ರಿಕೋನದ ಮೇಲೆ. ತೂಕ ಹಿಂದೆ ಇದ್ದಷ್ಟು ಹೊತ್ತು ಪರವಾಗಿಲ್ಲ, ಹಿಂದೆ ಅಗಲ ಇದೆ. ತಿರುವಿನಲ್ಲಿ ಬ್ರೇಕ್ ಒತ್ತಿದ್ರೋ, ತೂಕ ಮುಂದಕ್ಕೆ ನುಗ್ಗುತ್ತೆ, ಮುಂದೆ ಇರೋದು ಒಂದೇ ಚಕ್ರ, ಚೂಪು ತುದಿ. ಮುಂದಿನ ಚಕ್ರಕ್ಕೂ ಹೊರಗಡೆಯ ಹಿಂದಿನ ಚಕ್ರಕ್ಕೂ ಒಂದು ಗೆರೆ ಎಳೀರಿ. ಆ ಗೆರೆಯಿಂದ ಆಚೆ ಭಾರ ವಾಲಿತು ಅಂದ್ರೆ ಮುಗೀತು. ಅದಕ್ಕೇ ಹೇಳೋದು, ತಿರುವಿಗೆ ಮುಂಚೆ ಬ್ರೇಕ್, ತಿರುವಿನೊಳಗೆ ಕೈ ಮುಟ್ಟಬೇಡಿ. ಖಾಲಿ ಗಾಡಿ ಓಡಿಸಿ ಕಲಿತವನಿಗೆ ಇದು ತಿಳಿಯಲ್ಲ.

ಅಡಿಕೆ_ಸುಲಿಯೋನು (ತೀರ್ಥಹಳ್ಳಿ)
ಇದಕ್ಕೆ ನನ್ನದೊಂದು ಸಾಕ್ಷಿ. ನಮ್ಮ ಮನೆ ದರೆ ಹತ್ತಿ ಹೋಗಬೇಕು. ಗೊಬ್ಬರದ ಚೀಲ ಎಲ್ಲ ಹಿಂದುಗಡೆ ಬಾಗಿಲ ಹತ್ತಿರ ಹಾಕಿ ಏರು ಹತ್ತಿಸಿದೆ, ಮುಂದಿನ ಚಕ್ರ ಗಾಳಿಯಲ್ಲಿ! ಹ್ಯಾಂಡಲ್ ತಿರುಗಿಸ್ತಿದ್ದೀನಿ, ಗಾಡಿ ತಿರುಗ್ತಾ ಇಲ್ಲ. ಹಿಂದೆ ಇದ್ದ ಹುಡುಗ ಓಡಿ ಬಂದು ಮುಂದಿನ ಬಂಪರ್ ಹಿಡ್ಕೊಂಡು ನೇತಾಡಿದ ಮೇಲೆ ಇಳೀತು. ಈಗ ನಗ್ತೀವಿ, ಅವತ್ತು ಕೆಳಗೆ ಹೊಳೆ ಕಾಣ್ತಿತ್ತು.

ಗದ್ದೆ ದಾರಿ ಬಗ್ಗೆ ಇನ್ನೊಂದು. ಎತ್ತಿನ ಗಾಡಿ, ಟ್ರ್ಯಾಕ್ಟರ್ ಓಡಾಡಿದ ದಾರೀಲಿ ಎರಡು ಜಾಡು, ನಡುವೆ ದಿಣ್ಣೆ. ನಾಲ್ಕು ಚಕ್ರದ್ದು ಜಾಡಿನಲ್ಲಿ ಕೂತು ಹೋಗುತ್ತೆ. ಮೂರು ಚಕ್ರದ ಮುಂದಿನದು ಸರಿಯಾಗಿ ಆ ದಿಣ್ಣೆ ಮೇಲೇ ಬರ್ತದೆ. ಹುಲ್ಲು, ಕಲ್ಲು, ಮಳೆಗಾಲದಲ್ಲಿ ಜಾರು ಮಣ್ಣು, ಎಲ್ಲ ಅದರ ಪಾಲಿಗೆ. ನಿಮ್ಮ ತೋಟದ ದಾರಿ ಹೇಗಿದೆ ನೋಡ್ಕೊಳ್ಳಿ. ಇದನ್ನ ಯಾವ ಶೋರೂಮಿನವನೂ ಹೇಳಲ್ಲ.

ಹುಳಿ_ಟೊಮೆಟೊ
ಅಯ್ಯೋ ಹೌದಲ್ವಾ! ನಮ್ಮದು 300 ಮೀಟರ್ ಹಾಗೇ ಇದೆ. ದಿಣ್ಣೆ ಮೇಲೆ ಮೊಳಕಾಲುದ್ದ ಹುಲ್ಲು.

ಪೇಡಾ_ಬೇಕ್ರಿ (ಧಾರವಾಡ)
ಇಷ್ಟ್ಯಾಕ ತಲಿ ಕೆಡಿಸ್ಕೊಳ್ತೀರಿ? ನಮ್ಮ ಕಡೆ ಹಳೇ ಬೈಕಿನ ಹಿಂದಿನ ಗಾಲಿ ತಗದು, ಎರಡು ಗಾಲಿ ಟ್ರಾಲಿ ಜೋಡ್ಸಿ ಕೊಡ್ತಾರ. ಬೈಕ್ ನಿಮ್ಮದಾದ್ರ ಖರ್ಚು ಭಾಳ ಕಮ್ಮಿ ಆಕ್ಕೈತಿ. ಮೆಣಸಿನಕಾಯಿ, ಮೇವು, ಔಷಧದ ಡ್ರಮ್ಮು ಎಲ್ಲಾ ಹೊಲದಿಂದ ಮನಿಗೆ ತರ್ತೀವಿ. ಸಾಲಾ ಇಲ್ಲ, ಕಂತ ಇಲ್ಲ, ಆರ್‌ಟಿಓ ಕಾಟಾ ಇಲ್ಲ.

ಕರಿಕೋಟು (ಹಾಸನ)
ಆರ್‌ಟಿಓ ಕಾಟ ಇಲ್ಲ ಅಲ್ಲ, ಆರ್‌ಟಿಓ ಲೆಕ್ಕದಲ್ಲಿ ಆ ಗಾಡಿಯೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ರಚನೆಯನ್ನು ಹಾಗೆಲ್ಲ ಬದಲಾಯಿಸುವಂತಿಲ್ಲ. ಬದಲಾಯಿಸಿದ್ದಕ್ಕೆ ನೋಂದಣಿ ಇಲ್ಲ, ನೋಂದಣಿ ಇಲ್ಲದ್ದಕ್ಕೆ ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಅನ್ನುವ ಫಿಟ್‌ನೆಸ್ ಪತ್ರ) ಇಲ್ಲ, ಇನ್ಶೂರೆನ್ಸ್ ಇಲ್ಲ. ಹೊಲದೊಳಗೆ ಏನಾದರೂ ಮಾಡಿಕೊಳ್ಳಿ. ರಸ್ತೆಗೆ ಇಳಿದು ಯಾರಿಗಾದರೂ ತಾಗಿದರೆ ಪರಿಹಾರ ಕೊಡುವವರು ನೀವು, ನಿಮ್ಮ ಹೊಲ.

ಪೇಡಾ_ಬೇಕ್ರಿ
ವಕೀಲ್ರು ಹೆದ್ರಿಸೂದು ಇದ್ದದ್ದರೀ. ಹತ್ತು ವರ್ಷ ಆತು, ಏನೂ ಆಗಿಲ್ಲ ನಮಗ.

ಅಡಿಕೆ_ಸುಲಿಯೋನು
ನಮ್ಮ ಸಂಬಂಧಿಕರೊಬ್ಬರಿಗೆ ಆಗಿದೆ. ಇಂಥದ್ದೇ ಕೂಡುಗಾಡಿ, ಸಂಜೆ ಕತ್ತಲು, ಹಿಂದೆ ಲೈಟಿಲ್ಲ. ಬೈಕಿನವನು ಬಂದು ಹಿಂದಿನಿಂದ ಗುದ್ದಿದ. ತಪ್ಪು ಯಾರದ್ದು ಅಂತ ಆರು ವರ್ಷ ಕೇಸು ನಡೀತು. ಕೊನೆಗೆ ಹೋದದ್ದು ಅರ್ಧ ಎಕರೆ ತೋಟ. ಆ ಗಾಡಿಗೆ ಅವರು ಹಾಕಿದ್ದು 40 ಸಾವಿರ.

ಪೇಡಾ_ಬೇಕ್ರಿ
... ಲೈಟ್ ಹಾಕಸ್ಬೇಕು ನಂದಕ್ಕೂ.

ಕರಿಕೋಟು
ಲೈಟು ಹಾಕಿದರೂ ಇನ್ಶೂರೆನ್ಸ್ ಬರುವುದಿಲ್ಲ ಸ್ವಾಮಿ. ಇರಲಿ.

ಮೂಲ ಪ್ರಶ್ನೆಗೆ ಬರ್ತೀನಿ. ಬಿಳಿ ಬೋರ್ಡ್ ಆಗುವುದಿಲ್ಲ. ಸರಕು ಸಾಗಿಸಲೆಂದೇ ಮಾಡಿದ ಗಾಡಿ ಕಾನೂನಿನಲ್ಲಿ ಟ್ರಾನ್ಸ್‌ಪೋರ್ಟ್ ವಾಹನ, ಒಳಗೆ ನಿಮ್ಮ ಟೊಮೆಟೊ ಇದ್ದರೂ ಅಷ್ಟೇ, ಬೇರೆಯವರದ್ದಿದ್ದರೂ ಅಷ್ಟೇ. ಹಳದಿ ಬೋರ್ಡು, ಕಪ್ಪು ಅಕ್ಷರ. ಎಲೆಕ್ಟ್ರಿಕ್ ಆದರೆ ಹಸಿರು ಬೋರ್ಡು, ಹಳದಿ ಅಕ್ಷರ. ಆದರೆ ಪರ್ಮಿಟ್ ತಲೆನೋವು ಇಲ್ಲ: ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ ಅಂತ 66ನೇ ಕಲಂನಲ್ಲೇ ಇದೆ. ಎಫ್‌ಸಿ ಮಾತ್ರ ತಪ್ಪಲ್ಲ. 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ನೀವು ನೋಡಿರುವ 2018ರ ಆಪೆ ಆ ಗಡಿಗೆ ಬಂದು ನಿಂತಿದೆ.

ಬ್ಯಾಡ್ಜ್ ವಿಚಾರ: ಎಲ್‌ಎಂವಿ, ಅಂದರೆ ಕಾರಿನಂಥ ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿಯನ್ನೂ ಓಡಿಸಬಹುದು, ಪ್ರತ್ಯೇಕ ಅನುಮೋದನೆ ಬೇಡ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಿಮಾ ಕಂಪನಿಗಳು ಬಿಡಲಿಲ್ಲ, ಐದು ನ್ಯಾಯಮೂರ್ತಿಗಳ ಪೀಠದವರೆಗೂ ಹೋಯಿತು. 2024ರ ನವೆಂಬರ್ 6ರಂದು ಆ ಪೀಠವೂ ಅದನ್ನೇ ಎತ್ತಿಹಿಡಿಯಿತು. ಹಾಗಂತ ನಿಮ್ಮ ಲೈಸೆನ್ಸ್ ಮೇಲೆ ಏನು ಬರೆದಿದೆ ಅಂತ ನೋಡದೆ ರಸ್ತೆಗೆ ಇಳಿಯಬೇಡಿ. ಬರೀ ಗೇರ್ ಬೈಕಿನ ಲೈಸೆನ್ಸ್ ಇಟ್ಟುಕೊಂಡು ಲಗೇಜ್ ಆಟೋ ಓಡಿಸುವವರನ್ನ ವಾರಕ್ಕೊಬ್ಬರನ್ನ ಕೋರ್ಟಿನಲ್ಲಿ ನೋಡ್ತೀನಿ.

ಮಿಂಚಿನ_ಬಳ್ಳಿ (ಹೊಸಕೋಟೆ)
ಎಲೆಕ್ಟ್ರಿಕ್ ಬಗ್ಗೆ ಯಾರೂ ಮಾತಾಡ್ತಾನೇ ಇಲ್ಲ? ನಾನು ಎರಡು ವರ್ಷದಿಂದ ಓಡಿಸ್ತಿದ್ದೀನಿ, ನೀರಿನ ಕ್ಯಾನ್ ಸಪ್ಲೈ. ಬ್ಯಾಟರಿ 7.4 ಕಿಲೋವ್ಯಾಟ್ ಅವರ್. ಲೋಡ್ ಹಾಕ್ಕೊಂಡು ನಿಜವಾಗಿ ಸಿಗೋದು 75 ಕಿಲೋಮೀಟರ್. ಫುಲ್ ಚಾರ್ಜಿಗೆ ಎಂಟೂವರೆ ಯೂನಿಟ್, ಯೂನಿಟ್‌ಗೆ ಆರು ರೂಪಾಯಿ ಹಿಡಿದ್ರೂ 51 ರೂಪಾಯಿ. ಕಿಲೋಮೀಟರಿಗೆ 70 ಪೈಸೆ! ಡೀಸೆಲ್ 91 ರೂಪಾಯಿ, 25 ಮೈಲೇಜ್ ಅಂತ ಹಿಡಿದ್ರೆ 3.60. ಆಯಿಲ್ ಇಲ್ಲ, ಕ್ಲಚ್ ಇಲ್ಲ, ಸಂಜೆ ಮನೆಗೆ ಬಂದ್ರೆ ಕಿವಿ ಗುಂಯ್‌ಗುಡಲ್ಲ. ಮೇಲಾಗಿ ಜಿಎಸ್‌ಟಿ 5 ಪರ್ಸೆಂಟ್ ಅಷ್ಟೇ.

ಮೇಷ್ಟ್ರ_ಲೆಕ್ಕ
ನೀವು ದಿನಕ್ಕೆ ಎಷ್ಟು ಓಡಿಸ್ತೀರಿ?

ಮಿಂಚಿನ_ಬಳ್ಳಿ
70ರಿಂದ 80. ಮಧ್ಯಾಹ್ನ ಊಟದ ಹೊತ್ತಿಗೆ ಸ್ವಲ್ಪ ಚಾರ್ಜ್ ಹಾಕ್ತೀನಿ.

ಮೇಷ್ಟ್ರ_ಲೆಕ್ಕ
ಅಲ್ಲೇ ಇದೆ ಗುಟ್ಟು. ಕಿಲೋಮೀಟರಿಗೆ 2.90 ಉಳಿತಾಯ. ನೀವು 80 ಕಿಲೋಮೀಟರ್, 300 ದಿನ ಅಂದ್ರೆ ವರ್ಷಕ್ಕೆ 69,600. ಗಾಡಿಯ ಹೆಚ್ಚಿನ ಬೆಲೆ ಎರಡು ವರ್ಷದೊಳಗೆ ವಾಪಸ್. ಕೋಲಾರದವರು ಮಂಡಿಗೆ ಹೋಗಿ ಬಂದರೆ 28 ಕಿಲೋಮೀಟರ್. 200 ದಿನ ಅಂತ ಹಿಡಿದರೆ 16 ಸಾವಿರ ಚಿಲ್ಲರೆ. ಒಂದು ಲಕ್ಷ ಹೆಚ್ಚಿಗೆ ಕೊಟ್ಟರೆ ಆರು ವರ್ಷ ಬೇಕು, ಅಷ್ಟೊತ್ತಿಗೆ ಬ್ಯಾಟರಿಯೇ ಮುದಿಯಾಗಿರುತ್ತೆ. ಎಲೆಕ್ಟ್ರಿಕ್ ಗಾಡಿ ನಿಲ್ಲಿಸಿದಷ್ಟೂ ನಷ್ಟ. ರೈತನ ಗಾಡಿ ನಿಲ್ಲೋದೇ ಹೆಚ್ಚು.

ಅದಿರಲಿ, ಆ ಆರು ರೂಪಾಯಿ ಕರೆಂಟ್ ಎಲ್ಲಿಂದ? ಗೃಹಜ್ಯೋತಿ ಮನೆ ಮೀಟರಾ?

ಮಿಂಚಿನ_ಬಳ್ಳಿ
ಹಹ್ಹ, ಮೊದಲ ತಿಂಗಳು ಹಾಗೇ ಮಾಡ್ದೆ. ದಿನಕ್ಕೆ 9 ಯೂನಿಟ್, 26 ದಿನಕ್ಕೆ 234. ಮನೆಯದ್ದು ಬೇರೆ. 200 ದಾಟಿದ ಕೂಡಲೇ ಪೂರ್ತಿ ಬಿಲ್ ಕಟ್ಟಬೇಕು, ಸೊನ್ನೆ ಬಿಲ್ ಬರ್ತಿದ್ದ ಮನೆಗೆ ಏಕಾಏಕಿ ಎರಡು ಸಾವಿರ. ಅಮ್ಮ ಗಾಡಿನ ಬೀದಿಗೆ ತಳ್ಳು ಅಂದ್ರು. ಆಮೇಲೆ ಬೇರೆ ಮೀಟರ್ ಹಾಕಿಸ್ಕೊಂಡೆ.

ಹುಳಿ_ಟೊಮೆಟೊ
ನಮ್ಮದು ತೋಟದ ಮನೆ. ಊರೊಳಗೆ ಅಲ್ಲ.

ಸ್ಪ್ಯಾನರ್_14
ಹಾಗಾದ್ರೆ ಎಲೆಕ್ಟ್ರಿಕ್ ಮಾತು ಇಲ್ಲಿಗೇ ಬಿಡಿ. ನಿರಂತರ ಜ್ಯೋತಿ (ದಿನವಿಡೀ ಕರೆಂಟ್ ಕೊಡೋ ಯೋಜನೆ) ಲೈನು ಊರೊಳಗಿನ ಮನೆಗಳಿಗೆ. ತೋಟದ ಮನೆ ಪಂಪ್‌ಸೆಟ್ ಲೈನಿನ ಮೇಲೆ. ತ್ರೀ ಫೇಸ್ 7 ಗಂಟೆ, ಅದೂ ಪಾಳಿ. ಮಿಕ್ಕಂತೆ ಸಿಂಗಲ್ ಫೇಸ್ ಕೊಟ್ಟರೆ ಉಂಟು, ಇಲ್ಲಾ ಇಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ಲೋಡ್ ಮಾಡೋ ಹೊತ್ತಿಗೆ ಬ್ಯಾಟರಿ 30 ಪರ್ಸೆಂಟ್ ಅಂದ್ರೆ ಏನು ಮಾಡ್ತೀರಿ? ಬೋರಿನ ಸ್ಟಾರ್ಟರಿನಿಂದ ವೈರ್ ಎಳೆದು ಚಾರ್ಜ್ ಹಾಕೋ ಬುದ್ಧಿ ಬೇಡ. ಪಂಪ್‌ಸೆಟ್‌ಗೆ ಅಂತ ಕೊಟ್ಟ ಕರೆಂಟನ್ನ ಬೇರೆಯದಕ್ಕೆ ಬಳಸಿದ್ರೆ ಅನಧಿಕೃತ ಬಳಕೆ ಅಂತ ದಂಡ ಬೀಳುತ್ತೆ.

ಕುಂದಾಪ್ರ_ಮೀನು
ಎಲೆಕ್ಟ್ರಿಕ್ ತೆಗ್ದು ಅನುಭವಿಸಿದವ ನಾನು ಮಾರಾಯ್ರೆ. ಗಾಡಿ ಲಾಯ್ಕಿತ್ತು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಕಂಟ್ರೋಲರ್ ಹೋಯ್ತು. ತೆಗ್ದ ಶೋರೂಮ್ ಹೋಗಿ ಕಂಡ್ರೆ ಅಲ್ಲಿ ಬೇಕರಿ ಆಗಿತ್ತ್! ಫೋನು ಮಾಡಿ ಮಾಡಿ, ಸಾಮಾನು ಬಪ್ಪುಕೆ 23 ದಿನ. 23 ದಿನ ಮೀನು ಯಾರು ಕಾಯ್ತ್ರ್? ಈಗ ಪುನಃ ಡೀಸೆಲ್. ಇದರಲ್ಲಿ ತುಕ್ಕೇ ಶತ್ರು. ಮಂಜುಗಡ್ಡೆ ಕರಗಿದ ಉಪ್ಪುನೀರು ಕೆಳಗೆ ಸೋರಿ ಚಾಸಿಸ್ ತಿಂತದೆ. ದಿನಾ ರಾತ್ರಿ ಸಿಹಿನೀರಲ್ಲಿ ತೊಳೀಬೇಕು, ಎಷ್ಟು ಸುಸ್ತಾಗಿದ್ರೂ. ಕರಾವಳಿ ಬದಿಯ ಸೆಕೆಂಡ್ ಹ್ಯಾಂಡ್ ಗಾಡಿ ಯಾರಾದ್ರೂ ಕಮ್ಮಿಗೆ ಕೊಡ್ತೆ ಅಂದ್ರೆ ಮೊದ್ಲು ಅಡಿಗೆ ಮಲಗಿ ಕಾಣಿ.

ಮಿಂಚಿನ_ಬಳ್ಳಿ
ಅದು ಕಂಪನಿ ಮೇಲೆ ಹೋಗುತ್ತೆ. ನಿಮ್ಮ ತಾಲೂಕಿನಲ್ಲಿ ಸರ್ವಿಸ್ ಇದೆಯಾ ಅಂತ ನೋಡಿ ತಗೊಳ್ಳಬೇಕು. ಇನ್ನೊಂದು ಎಚ್ಚರಿಕೆ, 'ಇ-ಕಾರ್ಟ್' ಅಂತ ಅಗ್ಗದ್ದೊಂದು ಜಾತಿ ಇದೆ. ಅದಕ್ಕೆ ವೇಗ 25 ಮೀರುವಂತಿಲ್ಲ, ಹೊರೋದು 310 ಕೆಜಿ. ಬೀದಿ ತರಕಾರಿಗೆ ಸಾಕು, ಮಂಡಿಗೆ ಆಗಲ್ಲ. ಆರ್‌ಸಿಯಲ್ಲಿ ಎಲ್5ಎನ್ ಅಂತ ಇರೋದೇ ನಿಜವಾದ ಸರಕು ಮೂರು ಚಕ್ರ. ಸಬ್ಸಿಡಿ ಹೆಸರಿನಲ್ಲಿ ಸೇಲ್ಸ್ ಹುಡುಗರು ಏನೇನೋ ಹೇಳ್ತಾರೆ. ಕೇಂದ್ರದ ಎಲೆಕ್ಟ್ರಿಕ್ ಗಾಡಿ ಸಬ್ಸಿಡಿ ಯೋಜನೆ ಪಿಎಂ ಇ-ಡ್ರೈವ್‌ನಲ್ಲಿ ಮೊದಲು ಕಿಲೋವ್ಯಾಟ್ ಅವರ್‌ಗೆ 5,000 ಇತ್ತು, ಮರುವರ್ಷ 2,500 ಮಾಡಿದ್ರು. ಕೊಟೇಷನ್ ಕೊನೇ ಸಾಲಿನ ಮೊತ್ತ ಬಿಟ್ಟು ಬೇರೇನನ್ನೂ ನಂಬಬೇಡಿ.

ಎಳನೀರ್_ಮದ್ದೂರು
ಸಬ್ಸಿಡಿ ಅಂದ್ರೆ ನೆನಪಾಯ್ತು. ನಿಗಮಗಳಲ್ಲಿ ಸ್ವಾವಲಂಬಿ ಸಾರಥಿ ಅಂತ ಐತೆ. ಎಸ್‌ಸಿ, ಎಸ್‌ಟಿಗೆ 75 ಪರ್ಸೆಂಟ್, ಜಾಸ್ತಿ ಅಂದ್ರೆ 4 ಲಕ್ಷ. ಹಿಂದುಳಿದೋರು, ಅಲ್ಪಸಂಖ್ಯಾತರಿಗೆ 50 ಪರ್ಸೆಂಟ್, 3 ಲಕ್ಷದ ತಂಕ. ಸೇವಾ ಸಿಂಧುಲಿ ಅರ್ಜಿ. ಆದ್ರೆ ಊರಿಗೊಬ್ಬರಿಗೆ ಸಿಕ್ಕಿದ್ರೆ ಹೆಚ್ಚು. ಅರ್ಜಿ ಹಾಕು, ಅದನ್ನೇ ನಂಬ್ಕಂಡು ಕೂರಬ್ಯಾಡ.

ಅಡಿಕೆ_ಸುಲಿಯೋನು
2023-24ರ ಬಜೆಟ್‌ನಲ್ಲಿ ಗುಡ್ಡಗಾಡು ರೈತರಿಗೆ ಪಿಕಪ್ ವ್ಯಾನ್ ತಗೊಳ್ಳೋಕೆ 7 ಲಕ್ಷದವರೆಗೆ 4 ಪರ್ಸೆಂಟ್ ಬಡ್ಡಿ ಸಾಲ ಅಂತ ಹೇಳಿದ್ರು. ನಾಲ್ಕು ಚಕ್ರಕ್ಕೆ ಮಾತ್ರ. ಸರ್ಕಾರಕ್ಕೂ ಗೊತ್ತು, ಏರಿನಲ್ಲಿ ಮೂರು ಚಕ್ರ ಮೂಗೆತ್ತುತ್ತೆ ಅಂತ.

ಸ್ಪ್ಯಾನರ್_14
ನಾನು ಹೇಳೋಕೆ ಕಾಯ್ತಿದ್ದೆ. ಇವತ್ತಿನ ದಿನದಲ್ಲಿ ಹೊಸ ಡೀಸೆಲ್ ಮೂರು ಚಕ್ರಕ್ಕೆ ಮೂರು ಲಕ್ಷ ಸುರಿಯೋ ಬದಲು ಸಣ್ಣ ನಾಲ್ಕು ಚಕ್ರ ಯಾಕೆ ನೋಡಬಾರದು? ಟಾಟಾ ಏಸ್ ಪ್ರೋ 2025ರ ಜೂನ್‌ನಲ್ಲಿ ಬಂದಾಗ ಶುರು ಬೆಲೆ 3.99 ಲಕ್ಷ. ಆಮೇಲೆ ಜಿಎಸ್‌ಟಿ ಇಳಿದಿದೆ. 750 ಕೆಜಿ ಹೊರುತ್ತೆ, ಅಂದ್ರೆ 44 ಬಾಕ್ಸ್. ಜಾಡಿನಲ್ಲಿ ಹೋಗುತ್ತೆ. ಪಕ್ಕದಲ್ಲಿ ಒಬ್ಬರು ಕೂರಬಹುದು.

ಹಳೇ_ಹ್ಯಾಂಡಲ್
ಶುರು ಬೆಲೆ ಅಂತಾರೆ, ಮನೆ ಮುಂದೆ ನಿಲ್ಲೋ ಹೊತ್ತಿಗೆ ನಾಲ್ಕೂವರೆ. ಪೆಟ್ರೋಲ್ ಬೇರೆ ಕುಡಿಯುತ್ತೆ. ಮಂಡಿ ಗೇಟಿನ ಹತ್ತಿರ ಬೆಳಗ್ಗೆ ಜಾಗ ಹೇಗಿರುತ್ತೆ ಗೊತ್ತಾ? ಆಪೆ ಇದ್ದಲ್ಲೇ ತಿರುಗುತ್ತೆ, ಅದು ಮುಂದೆ ಹಿಂದೆ ಮಾಡೋಷ್ಟರಲ್ಲಿ ನಾನು ಇಳಿಸಿ ಟೀ ಕುಡಿದಿರ್ತೀನಿ. ಅಂದ ಹಾಗೆ 'ಟೆಂಪೋ' ಅಂತ ಈಗಿನ ಹುಡುಗರು ನಾಲ್ಕು ಚಕ್ರಕ್ಕೆ ಹೇಳ್ತಾರಲ್ಲ, ಆ ಹೆಸರು ಬಂದದ್ದೇ ಬಜಾಜ್ ಟೆಂಪೋದ ಮೂರು ಚಕ್ರದ ಗಾಡಿಯಿಂದ. ಉದ್ದ ಮೂಗಿನದು, ನಮ್ಮಪ್ಪ ಅದರಲ್ಲೇ ಸೌದೆ ಹೊಡೀತಿದ್ದ.

ಎಳನೀರ್_ಮದ್ದೂರು
ಮೂರು ಚಕ್ರದೋರಿಗೆ ದೊಡ್ಡ ರಸ್ತೇಲಿ ಮರ್ಯಾದೆ ಇಲ್ಲ ಅನ್ನೋದೂ ಗ್ಯಾನ ಇರ್ಲಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿ ನಡೂ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಯಾವುದೂ ಬರಂಗಿಲ್ಲ. ಸರ್ವಿಸ್ ರಸ್ತೇಲೇ ತೆವಳಬೇಕು. ರಾಮನಗರಕ್ಕೆ ರೇಷ್ಮೆ ಗೂಡು ತಗೊಂಡೋಗೋ ನಮ್ಮ ಭಾವಂಗೆ ಮುಂಚೆಗಿಂತ ಅರ್ಧ ಗಂಟೆ ಜಾಸ್ತಿ. ನೀನು ಮುಂದೆ ಬಾಡಿಗೆಗೆ ಬೆಂಗಳೂರ ಕಡೆ ಹೋಗೋ ಆಸೆ ಇದ್ರೆ ಯೋಚ್ನೆ ಮಾಡು.

ಕರಿಕೋಟು
ಸ್ಪ್ಯಾನರ್ ಅವರು 'ಪಕ್ಕದಲ್ಲಿ ಒಬ್ಬರು ಕೂರಬಹುದು' ಅಂತ ಹೇಳಿ ಮುಂದೆ ಹೋದರು. ನನಗೆ ಅದೇ ದೊಡ್ಡ ವಿಷಯ. ಸರಕು ಮೂರು ಚಕ್ರದ ಆರ್‌ಸಿ ತೆಗೆದು ನೋಡಿ, ಸೀಟಿಂಗ್ ಅನ್ನುವಲ್ಲಿ 1 ಅಂತ ಇರುತ್ತೆ. ಡ್ರೈವರ್ ಒಬ್ಬನೇ. ಬೆಳಗ್ಗೆ ಆರಕ್ಕೆ ಯಾವ ತಾಲೂಕಿನ ರಸ್ತೆಯಲ್ಲಾದರೂ ನಿಲ್ಲಿ, ಇಂಥ ಗಾಡಿಯ ಹಿಂದೆ ಹನ್ನೆರಡು ಹದಿಮೂರು ಹೆಣ್ಣುಮಕ್ಕಳು ಬುತ್ತಿ ಹಿಡಿದು ನಿಂತು ಕೂಲಿಗೆ ಹೋಗ್ತಿರ್ತಾರೆ.

ಸರಕು ಗಾಡಿಯಲ್ಲಿ ಹೋಗುವ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಮಾಲಿನ ಒಡೆಯನಿಗೆ ಅಥವಾ ಅವನ ಪ್ರತಿನಿಧಿಗೆ ರಕ್ಷಣೆ ಇದೆ, 1994ರ ತಿದ್ದುಪಡಿಯಿಂದ. ಆದರೆ ಅವರು ಕ್ಯಾಬಿನ್‌ನಲ್ಲಿ ಕೂತಿರಬೇಕು, ಬಾಕ್ಸ್ ಮೇಲೆ ಅಲ್ಲ. ಒಂದೇ ಸೀಟಿನ ಕ್ಯಾಬಿನ್‌ನಲ್ಲಿ ಎಲ್ಲಿ ಕೂರೋದು? ನೀವು ಸ್ವಂತ ಗಾಡಿ ಅಂತ ತಗೊಂಡ ಮರುದಿನವೇ ಕೀಳೋ ಕೂಲಿಯವರನ್ನ ಕರಕೊಂಡು ಬರೋಕೆ ಅದನ್ನೇ ಬಳಸ್ತೀರಿ. ಬಳಸಲ್ಲ ಅಂತ ಹೇಳಿ, ನಾನು ನಂಬಲ್ಲ.

ಹಳೇ_ಹ್ಯಾಂಡಲ್
ಎಲ್ಲರೂ ಮಾಡ್ತಾರೆ ಸಾರ್. ಬಸ್ಸು ಬರದ ಊರಿಗೆ ಏನ್ ಮಾಡ್ಬೇಕು?

ಕರಿಕೋಟು
ಬಸ್ಸು ಕೇಳಬೇಕು. ಅದು ಈ ಚರ್ಚೆಯಲ್ಲಿ ಬಗೆಹರಿಯಲ್ಲ, ಒಪ್ಪಿದೆ. ಆದರೆ ಮಗುಚಿದ ದಿನ 'ಎಲ್ಲರೂ' ಬರಲ್ಲ, ಆರ್‌ಸಿಯಲ್ಲಿ ಹೆಸರಿರುವವನೊಬ್ಬನೇ ಬರ್ತಾನೆ.

ಹುಳಿ_ಟೊಮೆಟೊ
ಸುಳ್ಳು ಹೇಳಲ್ಲ, ನನ್ನ ತಲೇಲಿ ಅದೂ ಇತ್ತು. ಕೂಲಿಯವರನ್ನ ಕರ್ಕೊಂಡು ಬರೋಕೆ ದಿನಾ 200 ಉಳಿಯುತ್ತೆ ಅಂತ ಲೆಕ್ಕ ಹಾಕಿದ್ದೆ. ಭಾನುವಾರ ಆ 2018ರ ಆಪೆ ನೋಡೋಕೆ ಹೋಗ್ತಿದ್ದೀನಿ. ಏನೇನು ನೋಡಬೇಕು ಸ್ಪ್ಯಾನರ್ ಅಣ್ಣ?

ಸ್ಪ್ಯಾನರ್_14
ಬೆಳಗ್ಗೆ ಬೇಗ ಹೋಗು, ಹೇಳದೇ ಹೋಗು. ಇಂಜಿನ್ ಮುಟ್ಟಿ ನೋಡು, ಬಿಸಿ ಇದ್ರೆ ನೀನು ಬರ್ತೀಯ ಅಂತ ಮುಂಚೇನೇ ಸ್ಟಾರ್ಟ್ ಮಾಡಿದ್ದಾನೆ. ತಣ್ಣಗಿನ ಇಂಜಿನ್ ನಿನ್ನ ಕೈಯಾರೆ ಸ್ಟಾರ್ಟ್ ಮಾಡು. ನೀಲಿ ಹೊಗೆ ನಿಲ್ಲದಿದ್ರೆ ಆಯಿಲ್ ಸುಡ್ತಿದೆ. ಆಯಿಲ್ ಹಾಕೋ ಮುಚ್ಚಳ ತೆಗೆದು ಅಂಗೈ ಹಿಡಿ, ಬುಸುಬುಸು ಗಾಳಿ ಹೊಡೆದ್ರೆ ಪಿಸ್ಟನ್ ಕೆಲಸ ಇದೆ. ಲೋಡ್ ಬಾಡಿ ಕೆಳಗೆ ಮಲಗಿ ಕ್ಯಾಬಿನ್ ಹಿಂದಿನ ಚಾಸಿಸ್ ನೋಡು, ಹೊಸ ಪೇಂಟ್ ಹೊಡೆದ ಜಾಗ ಉಗುರಲ್ಲಿ ಕೆರೆ, ವೆಲ್ಡಿಂಗ್ ಅಡಗಿರುತ್ತೆ. ಟೈರ್ 4.50-10, ಹಿಂದಿನದು ಒಂದೇ ಮಗ್ಗುಲಿಗೆ ಸವೆದಿದ್ರೆ ಆರ್ಮ್ ಬಾಗಿದೆ. ಮಾಲೀಕನನ್ನೇ ಹತ್ತಿಸಿಕೊಂಡು ಓಡಿಸು, ಗೇರ್ ಬಿಟ್ಟಾಗ ಹಿಂದೆ ಕೊರ್ ಅಂದ್ರೆ ಡಿಫರೆನ್ಷಿಯಲ್.

ಪೇಪರ್: ಆರ್‌ಸಿಯಲ್ಲಿ ಫೈನಾನ್ಸ್ ಹೆಸರಿದ್ಯಾ ನೋಡು. ಇದ್ರೆ ಸಾಲ ತೀರಿದ್ದಕ್ಕೆ ಫೈನಾನ್ಸಿನವರು ಕೊಡೋ ಎನ್‌ಒಸಿ, ಫಾರಂ 35 ಕೈಗೆ ಬರೋವರೆಗೂ ಅಡ್ವಾನ್ಸ್ ಒಂದು ರೂಪಾಯಿ ಕೊಡಬೇಡ. ಗಾಡಿ ನಿನ್ನ ಹೆಸರಿಗೆ ವರ್ಗಾಯಿಸೋ ಫಾರಂ 29, 30ಕ್ಕೆ ಸೈನ್ ಹಾಕಿಸ್ಕೊ. ಬಾಕಿ ಚಲನ್ ಎಷ್ಟಿದೆ ನೋಡು.

ಹುಳಿ_ಟೊಮೆಟೊ (ಭಾನುವಾರ ರಾತ್ರಿ)
ಹೋಗಿ ಬಂದೆ. ಇಂಜಿನ್ ಪರವಾಗಿಲ್ಲ, ಹೊಗೆ ಕಮ್ಮಿ. ಟೈರ್ ಎರಡು ಸವೆದಿದೆ. ಆರ್‌ಸಿಯಲ್ಲಿ ಫೈನಾನ್ಸ್ ಇನ್ನೂ ಇದೆ, 'ಸಾಲ ತೀರಿದೆ, ಪೇಪರ್ ಬರ್ತದೆ' ಅಂತಾನೆ. ಯಾವಾಗ ಅಂದ್ರೆ ನಗ್ತಾನೆ. 95 ಸಾವಿರಕ್ಕೆ ಇಳಿದ.

ಚಾಸಿಸ್ ಕೆಳಗೆ ಮಲಗೋಕೆ ಮುಂಚೆ ಹಿಂದಿನ ಬಾಗಿಲು ತೆಗೆದೆ. ಒಳಗೆ ಎರಡೂ ಕಡೆ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ ಹಲಗೆ ಕೂರಿಸಿದ್ದಾನೆ, ಮೇಲೆ ಹಿಡ್ಕೊಳ್ಳೋಕೆ ಕಂಬಿ. ಹಲಗೆ ಅಂಚು ಸವೆದು ನುಣ್ಣಗಾಗಿದೆ. ಒಂದು ಮೂಲೇಲಿ ಯಾರದ್ದೋ ಗಾಜಿನ ಬಳೆ ಚೂರು ಸಿಕ್ಕಿಹಾಕ್ಕೊಂಡಿತ್ತು. ಕರಿಕೋಟು ಅವರ ಮಾತು ನೆನಪಾಗಿ ಅಲ್ಲೇ ಮನಸ್ಸು ಹಿಂದೆ ಸರೀತು. ಪೇಪರ್ ಬಂದ ಮೇಲೆ ನೋಡೋಣ ಅಂತ ಹೇಳಿ ಬಂದೆ.

ಮೇಷ್ಟ್ರ_ಲೆಕ್ಕ
ಒಳ್ಳೆ ಕೆಲಸ. ಈ ಬೆಳೆಗೆ ಬಾಡಿಗೆ ಗಾಡಿಯೇ ಇರಲಿ, ಆದರೆ ಇಬ್ಬರ ಹತ್ತಿರ ಮಾತಾಡಿಟ್ಟುಕೊಳ್ಳಿ. ಬಾಕ್ಸಿಗೆ 12ರ ಬದಲು 14 ಕೊಡ್ತೀನಿ, ಇಂತಿಷ್ಟು ಗಂಟೆಗೆ ಬಾಗಿಲಲ್ಲಿರಬೇಕು ಅನ್ನಿ. 20 ಕೀಳಿಗೆ 2,000 ಹೆಚ್ಚು ಹೋಗುತ್ತೆ ಅಷ್ಟೇ.

ಎಳನೀರ್_ಮದ್ದೂರು
ಮೇಷ್ಟ್ರು ಗಾಡಿ ತಗೊಳ್ಳೋಕೆ ಬಿಡಲ್ಲ ಕಣ್ಲಾ. ಎಂಟು ಮನೆಯೋರು ಸೇರಿ ಒಂದು ಏಸ್ ತಗೊಳ್ರಪ್ಪ.

ಹುಳಿ_ಟೊಮೆಟೊ
ಎಂಟು ಮನೆಯವರು ಸೇರಿ ಒಂದು ಬದುವನ್ನೇ ಸರಿ ಮಾಡಿಲ್ಲ ಅಣ್ಣ, ಗಾಡಿ ಎಲ್ಲಿಂದ?

ಮನೇಲಿ ಇದೆಲ್ಲ ಓದಿ ಹೇಳ್ದೆ. ಮಂಡೀಲಿ ರೇಟು ಮಾತಾಡೋದು ನಮ್ಮ ಮನೆಯವಳೇ, ನನಗೆ ಬಾಯಿಲ್ಲ. ಅವಳು ಎಲ್ಲ ಕೇಳಿ, ಮೂರು ಚಕ್ರದಲ್ಲಿ ಸೀಟು ಒಂದೇ ಅಂದ್ರೆ ನಾನೆಲ್ಲಿ ಕೂರಲಿ, ಬಾಕ್ಸ್ ಮೇಲಾ, ಅಂತ ಕೇಳಿದ್ಲು. ನಾಳೆ ಇಬ್ಬರೂ ಕೋಲಾರಕ್ಕೆ ಹೋಗಿ ನಾಲ್ಕು ಚಕ್ರದ್ದು ನೋಡಿ ಬರ್ತೀವಿ. ಕೊಟೇಷನ್ ಸಿಕ್ಕಿದ್ರೆ ಇಲ್ಲೇ ಹಾಕ್ತೀನಿ, ಮೇಷ್ಟ್ರು ಬಡ್ಡಿ ನೋಡಿ ಹೇಳಿ.